ಮಿಕ್ಕ ನೂರು ಎಲ್ಲಿ ಹೋಯಿತು?



ಇವತ್ತು ಒಂದೇ ಒಂದು ಲೆಕ್ಕದ ಬಗ್ಗೆ ಮಾತಾಡುತ್ತೇನೆ. ಅದು ಭಾಗಾಕಾರ. ಅದರಲ್ಲೂ ದೀರ್ಘ ಭಾಗಾಕಾರ. ಕೂಡುವುದು, ಕಳೆಯುವುದು, ಗುಣಿಸುವುದನ್ನು ಹೇಗೋ ದಾಟಿಕೊಂಡು ಬಂದ ಮಗು ನಾಲ್ಕನೆಯ ಇಲ್ಲವೇ ಐದನೆಯ ತರಗತಿಗೆ ಬಂದಾಗ ಇಲ್ಲಿ ಮುಗ್ಗರಿಸುತ್ತದೆ. ಹಾಗೆ ಮುಗ್ಗರಿಸಿದ ಮಗುವಿಗೆ ಇದನ್ನು ಕಣ್ಣಿಗೆ ಕಾಣುವಂತೆ ಕಲಿಸುವುದು ಹೇಗೆ? ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲ. ಆದ್ದರಿಂದ ಕೈಯಲ್ಲಿ ಮಾಡುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಹೋಗುತ್ತೇನೆ. ಶಿಕ್ಷಕರು ಕೇಳುತ್ತಿದ್ದರೆ ನಾಳೆಯೇ ತರಗತಿಯಲ್ಲಿ ಮಾಡಿ ನೋಡಬಹುದು. ತಾಯಿ ತಂದೆಯರು ಇವತ್ತು ರಾತ್ರಿ ಊಟವಾದ ಮೇಲೆ ಮಾಡಬಹುದು.

ಮೊದಲು ಪರಿಸ್ಥಿತಿ ಹೇಗಿದೆ ನೋಡೋಣ. 'ಅಸರ್' ಎಂಬ ಸಮೀಕ್ಷೆಯ ಹೆಸರನ್ನು ಕೇಳಿರುತ್ತೀರಿ. ಅದರ ಕಾರ್ಯಕರ್ತರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುತ್ತಾರೆ, ಲೆಕ್ಕ ಮಾಡಿಸುತ್ತಾರೆ. ಆ ಲೆಕ್ಕಗಳಲ್ಲಿ ಕೊನೆಯ ಮೆಟ್ಟಿಲು ಯಾವುದು ಗೊತ್ತೆ? ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. 2024ರ ವರದಿಯ ಪ್ರಕಾರ ದೇಶದ ಹಳ್ಳಿಗಾಡಿನಲ್ಲಿ ಐದನೆಯ ತರಗತಿಯ ಹತ್ತು ಮಕ್ಕಳಲ್ಲಿ ಆ ಮೆಟ್ಟಿಲು ಹತ್ತಿದವರು ಸುಮಾರು ಮೂವರು.

ಯಾಕೆ ಹೀಗೆ ಎಂದು ಯಾರನ್ನೇ ಕೇಳಿ, "ಮಗ್ಗಿ ಬರಲ್ಲ, ಅದಕ್ಕೇ" ಎನ್ನುತ್ತಾರೆ. ಅರ್ಧ ನಿಜ. ಆದರೆ ಹನ್ನೆರಡರ ತನಕ ಮಗ್ಗಿಯನ್ನು ಗಿಣಿಪಾಠ ಒಪ್ಪಿಸುವ ಮಕ್ಕಳೂ ಇಲ್ಲಿ ತಪ್ಪುತ್ತಾರೆ. ಕರಿಹಲಗೆಯ ಮುಂದೆ ನಿಂತ ಹುಡುಗಿಯೊಬ್ಬಳನ್ನು ಕೇಳಿದೆ, "ಈಗೇನು ಮಾಡ್ಬೇಕಮ್ಮ?"

"ಇಳಿಸ್ಬೇಕು ಮಿಸ್."

"ಯಾಕೆ ಇಳಿಸ್ಬೇಕು?"

"ಕಳೆದ ಮೇಲೆ ಇಳಿಸ್ಬೇಕಲ್ಲ ಮಿಸ್, ಅದಕ್ಕೆ."

ಭಾಗಿಸು, ಗುಣಿಸು, ಕಳೆ, ಇಳಿಸು. ಈ ನಾಲ್ಕು ಮಾತು ಅವಳಿಗೆ ಬಾಯಿಪಾಠ. ಏನನ್ನು ಇಳಿಸುತ್ತಿದ್ದೇವೆ, ಇಳಿಸಿದ್ದು ಯಾವುದರ ಪಕ್ಕಕ್ಕೆ ಬಂದು ಕೂತಿತು, ಅದು ಮಾತ್ರ ಗೊತ್ತಿಲ್ಲ. ತಪ್ಪು ಅವಳದ್ದಲ್ಲ. ನಾವು ತೋರಿಸಿಲ್ಲ.

ಒಂದು ಲೆಕ್ಕ ತೆಗೆದುಕೊಳ್ಳೋಣ. 741ನ್ನು 3ರಿಂದ ಭಾಗಿಸಬೇಕು. ಕಾಗದ ಇದ್ದವರು ಬರೆದುಕೊಳ್ಳಿ, ಏಳುನೂರ ನಲವತ್ತೊಂದು. ನಾವು ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆ: ಏಳರಲ್ಲಿ ಮೂರು ಎಷ್ಟು ಸಲ ಹೋಗುತ್ತೆ? ಎರಡು ಸಲ. ಮೂರೆರಡ್ಲ ಆರು. ಏಳರಲ್ಲಿ ಆರು ಹೋದರೆ ಒಂದು. ನಾಲ್ಕನ್ನು ಇಳಿಸು. ಹದಿನಾಲ್ಕು.

ಇಲ್ಲಿ ನಿಲ್ಲಿ. ಅದು ಏಳು ಅಲ್ಲ, ಏಳುನೂರು. ಮಿಕ್ಕಿದ್ದು ಒಂದಲ್ಲ, ಒಂದು ನೂರು. ನಮ್ಮ ಬಾಯಲ್ಲಿ ಅದು ಬರೀ ಒಂದಾಯಿತು. ನಾಲ್ಕು ಬಂದು ಪಕ್ಕದಲ್ಲಿ ಕೂತಿತು. ಇದ್ದಕ್ಕಿದ್ದಂತೆ ಹದಿನಾಲ್ಕು ಆಯಿತು. ಮಿಕ್ಕ ಆ ನೂರು ಎಲ್ಲಿ ಹೋಯಿತು? ದೊಡ್ಡವರಾದ ನಮಗೆ ರೂಢಿಯಾಗಿದೆ, ಕೇಳಿಕೊಳ್ಳುವುದಿಲ್ಲ. ಮಗುವಿಗೆ ಅದು ಕಣ್ಕಟ್ಟು.

ಇನ್ನೊಂದು ತೊಡಕೂ ಇದೆ. ಕೂಡುವಾಗ, ಕಳೆಯುವಾಗ, ಗುಣಿಸುವಾಗ ಬಲಗಡೆಯಿಂದ, ಬಿಡಿಯ ಸ್ಥಾನದಿಂದ ಶುರು ಮಾಡಿ ಎಂದು ಮೂರು ವರ್ಷ ಹೇಳಿಕೊಟ್ಟಿರುತ್ತೇವೆ. ಭಾಗಾಕಾರಕ್ಕೆ ಬಂದ ದಿನ ಎಡಗಡೆಯಿಂದ ಎನ್ನುತ್ತೇವೆ. ಕಾರಣ ಹೇಳುವುದಿಲ್ಲ. ಎಡಗಡೆಯಿಂದ ಶುರು ಮಾಡುವುದು ಇವತ್ತಿನ ಕ್ರಮವೇನಲ್ಲ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಭಾಜ್ಯದ ಕೆಳಗೆ ಭಾಜಕವನ್ನಿಟ್ಟು ಹಿಂದುಮುಂದಾದ ಕ್ರಮದಲ್ಲಿ ಭಾಗಿಸಬೇಕು ಎಂದು ಅದರಲ್ಲೇ ಇದೆ. ಅಂದರೆ ದೊಡ್ಡ ಸ್ಥಾನ ಮೊದಲು. ಕಾರಣ ಹಂಚುವವರಿಗೆಲ್ಲ ಗೊತ್ತು. ದೊಡ್ಡ ನೋಟನ್ನು ಮೊದಲು ಹಂಚುತ್ತೇವೆ. ಹಂಚಲಾಗದೆ ಉಳಿದದ್ದಕ್ಕೆ ಚಿಲ್ಲರೆ ಮಾಡಿಸುತ್ತೇವೆ.

ಹೇಳಿದ್ದು ಇಷ್ಟು. ಮಗು ಎಡವುವುದು ಮಿಕ್ಕದ್ದು ಎಲ್ಲಿ ಹೋಯಿತೆಂದು ಕಾಣದೆ. ಹಾಗಾದರೆ ಅದನ್ನು ಕಾಣಿಸುವುದು ಹೇಗೆ? ಈಗ ಅಲ್ಲಿಗೆ ಬರೋಣ.

ಹಳೆಯ ಮದುವೆ ಕಾಗದಗಳನ್ನು ನೋಟಿನ ಅಳತೆಗೆ ಕತ್ತರಿಸಿ. ಕೆಲವಕ್ಕೆ ನೇರಳೆ ಬಣ್ಣ ಹಚ್ಚಿ 100 ಎಂದು ಬರೆಯಿರಿ. ಕೆಲವಕ್ಕೆ ಕಂದು ಬಣ್ಣ ಹಚ್ಚಿ 10 ಎಂದು ಬರೆಯಿರಿ. ಈಗ ಚಲಾವಣೆಯಲ್ಲಿರುವ ನೋಟುಗಳ ಬಣ್ಣವೂ ಹೆಚ್ಚುಕಡಿಮೆ ಅದೇ. ಒಂದು ರೂಪಾಯಿಗೆ ಹುಣಸೆ ಬೀಜ ಸಾಕು.

ಮೂವರು ಮಕ್ಕಳು ನೆಲದ ಮೇಲೆ ಸಾಲಾಗಿ ಕೂರಲಿ. ಹಣ ಸಿಗುವುದು ಇವರಿಗೆ. ನಾಲ್ಕನೆಯ ಮಗು ಬ್ಯಾಂಕು. ಐದನೆಯದು ಕರಿಹಲಗೆಯ ಹತ್ತಿರ ಸೀಮೆಸುಣ್ಣ ಹಿಡಿದು ನಿಲ್ಲಲಿ. ಅದಕ್ಕೆ ಶಾನುಭೋಗ ಎಂದು ಹೆಸರಿಡಿ. ಈಗಿನ ಮಕ್ಕಳಿಗೆ ಆ ಹೆಸರೇ ತಮಾಷೆ. ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೈ ಮೊದಲು, ಸೀಮೆಸುಣ್ಣ ಆಮೇಲೆ. ನೆಲದ ಮೇಲೆ ನಡೆಯದ್ದನ್ನು ಶಾನುಭೋಗ ಬರೆಯುವ ಹಾಗಿಲ್ಲ.

ನಡುವೆ ಏಳು ನೂರರ ನೋಟು, ನಾಲ್ಕು ಹತ್ತರ ನೋಟು, ಒಂದು ಹುಣಸೆ ಬೀಜ ಇಡಿ. ಮೊದಲು ನೂರು. ಒಬ್ಬೊಬ್ಬರಿಗೆ ಒಂದು, ಇನ್ನೊಂದು ಸುತ್ತಿನಲ್ಲಿ ಮತ್ತೊಂದು. ತಲಾ ಎರಡು ಹೋಯಿತು. ಶಾನುಭೋಗ ಮೇಲೆ, ನೂರರ ಜಾಗದಲ್ಲಿ, 2 ಬರೆಯುತ್ತಾನೆ. ಒಟ್ಟು ಎಷ್ಟು ನೋಟು ಕೊಟ್ಟೆವು? ಆರು. ಏಳರ ಕೆಳಗೆ 6 ಬರೆಯುತ್ತಾನೆ. ನಡುವೆ ಎಷ್ಟು ಉಳಿಯಿತು? ಒಂದೇ ಒಂದು ನೂರರ ನೋಟು. ಗೆರೆ ಎಳೆದು 1 ಬರೆಯುತ್ತಾನೆ.

ಈಗ ಸುಮ್ಮನಿರಿ. ಶಿಕ್ಷಕರು ಇಲ್ಲಿ ಬಾಯಿ ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ. ಒಂದು ನೋಟು, ಮೂವರು ಮಕ್ಕಳು. ಏನು ಮಾಡುವುದು? ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಳ್ಳುತ್ತಾರೆ. ಹರಿದು ಹಂಚೋಣ ಎನ್ನುವ ಕಿಲಾಡಿ ಒಬ್ಬ ಇದ್ದೇ ಇರುತ್ತಾನೆ. ಅಷ್ಟರಲ್ಲಿ ಅಂಗಡಿಗೆ ಹೋಗಿ ಬಂದು ರೂಢಿಯಿರುವ ಯಾವುದೋ ಮಗು ಹೇಳುತ್ತದೆ, "ಚಿಲ್ಲರೆ ತಗೋಳೋಣ." ನೂರರ ನೋಟು ಬ್ಯಾಂಕಿಗೆ ಹೋಗುತ್ತದೆ. ಹತ್ತು ಹತ್ತರ ನೋಟು ಬರುತ್ತದೆ. ನಡುವೆ ಮೊದಲೇ ನಾಲ್ಕು ಇದ್ದವಲ್ಲ. ಈಗ ಎಣಿಸಿ. ಹದಿನಾಲ್ಕು.

ಶಾನುಭೋಗ ಆಗ 1ರ ಪಕ್ಕಕ್ಕೆ 4ನ್ನು ಇಳಿಸುತ್ತಾನೆ. ಇಳಿಸುವುದೆಂದರೆ ಇದೇ. ಚಿಲ್ಲರೆ ಬಂದದ್ದನ್ನೂ ಮೊದಲೇ ಇದ್ದದ್ದನ್ನೂ ಒಟ್ಟಿಗೆ ಎಣಿಸಿ ಬರೆದದ್ದು. ಮಿಕ್ಕ ನೂರು ಎಲ್ಲಿಗೂ ಹೋಗಿಲ್ಲ, ಹತ್ತು ಹತ್ತುಗಳಾಗಿ ಅಲ್ಲೇ ಕೂತಿದೆ.

ಉಳಿದದ್ದು ಬೇಗ ಆಗುತ್ತದೆ. ಹದಿನಾಲ್ಕು ಹತ್ತರ ನೋಟನ್ನು ಮೂವರಿಗೆ ಹಂಚಿದರೆ ತಲಾ ನಾಲ್ಕು. ಹನ್ನೆರಡು ಹೋಯಿತು, ಎರಡು ಉಳಿಯಿತು. ಅವಕ್ಕೂ ಚಿಲ್ಲರೆ, ಇಪ್ಪತ್ತು ಬೀಜ. ಮೊದಲೇ ಇದ್ದ ಒಂದು ಸೇರಿ ಇಪ್ಪತ್ತೊಂದು. ಮೂರೇಳ್ಲ ಇಪ್ಪತ್ತೊಂದು. ತಲಾ ಏಳು. ಒಬ್ಬೊಬ್ಬರ ಮುಂದೆಯೂ ಎರಡು ನೂರು, ನಾಲ್ಕು ಹತ್ತು, ಏಳು ಬೀಜ. ಹಲಗೆಯ ಮೇಲೂ 247.

ಇದುವರೆಗೆ ನೋಟಿನಲ್ಲಿ ಹಂಚಿದೆವು. ಕೈಯ ಒಂದೊಂದು ಚಲನೆಗೂ ಹಲಗೆಯ ಮೇಲೆ ಒಂದೊಂದು ಸಾಲು ಬಂತು. ಇದೇ ಕ್ರಮ ಮಕ್ಕಳ ಅತಿ ಸಾಮಾನ್ಯವಾದ ಒಂದು ತಪ್ಪನ್ನೂ ಹಿಡಿದು ಕೊಡುತ್ತದೆ. ಸೊನ್ನೆಯ ತಪ್ಪು.

618ನ್ನು 6ರಿಂದ ಭಾಗಿಸಲು ಕೊಡಿ. ಬಹಳ ಮಕ್ಕಳು 13 ಎಂದು ಬರೆದು ತರುತ್ತಾರೆ. ಆರೊಂದ್ಲ ಆರು, ಆಯಿತು. ಒಂದರಲ್ಲಿ ಆರು ಹೋಗಲ್ಲ, ಎಂಟನ್ನೂ ಇಳಿಸು, ಹದಿನೆಂಟು, ಆರ್ಮೂರ್ಲ ಹದಿನೆಂಟು, ಆಯಿತು. ಕೆಂಪು ಶಾಯಿಯಲ್ಲಿ ತಪ್ಪಿನ ಗುರುತು ಹಾಕುವ ಮುಂಚೆ ನೋಟು ಹಂಚಿಸಿ. ಆರು ನೂರರ ನೋಟು ಆರು ಮಕ್ಕಳಿಗೆ, ತಲಾ ಒಂದು. ಆಮೇಲೆ ಒಂದೇ ಹತ್ತರ ನೋಟು ಇದೆ. ಆರು ಜನಕ್ಕೆ ಹಂಚಲಾಗದು. ಯಾರಿಗೂ ಹತ್ತರ ನೋಟು ಸಿಗಲಿಲ್ಲ. ಸಿಗಲಿಲ್ಲ ಎನ್ನುವುದನ್ನೂ ಶಾನುಭೋಗ ಬರೆಯಬೇಕಲ್ಲ? ಸೊನ್ನೆ ಬರೆಯುತ್ತಾನೆ. ಆ ಹತ್ತನ್ನು ಚಿಲ್ಲರೆ ಮಾಡಿಸಿ ಮೊದಲಿನ ಎಂಟನ್ನು ಸೇರಿಸಿದರೆ ಹದಿನೆಂಟು ಬೀಜ, ತಲಾ ಮೂರು. ಪ್ರತಿಯೊಬ್ಬರ ಮುಂದೆಯೂ ನೂರರ ನೋಟು ಬಿದ್ದಿದೆ. ಅದನ್ನು ನೋಡಿಯೂ ಹದಿಮೂರು ಎನ್ನುವ ಮಗು ಸಿಕ್ಕುವುದು ಅಪರೂಪ. ಉತ್ತರ 103.

ಕೆಲವು ಮಕ್ಕಳಿಗೆ ನೋಟೂ ಸಾಲದು. ಮೂರು ಹತ್ತರ ನೋಟು ಕೊಟ್ಟು ಅದರಲ್ಲಿ ಹನ್ನೆರಡು ರೂಪಾಯಿ ಕೊಡಪ್ಪ ಎನ್ನಿ. ಚಿಲ್ಲರೆ ಕೇಳಬೇಕೆಂದು ಹೊಳೆಯದಿದ್ದರೆ, ಒಂದು ಹತ್ತರೊಳಗೆ ಹತ್ತು ಒಂದುಗಳಿವೆ ಎಂಬುದು ಆ ಮಗುವಿಗೆ ಇನ್ನೂ ಗಟ್ಟಿಯಾಗಿಲ್ಲ ಎಂದರ್ಥ. ಅಂಥ ಮಗುವಿಗೆ ಪೊರಕೆ ಕಡ್ಡಿ ಕೊಡಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಅಂಥ ಹತ್ತು ಕಟ್ಟು ಸೇರಿಸಿ ನೂರರ ಹೊರೆ. ಇಲ್ಲಿ ಬ್ಯಾಂಕು ಬೇಡ. ಕಟ್ಟು ಬಿಚ್ಚಿದರೆ ಒಳಗಿನ ಹತ್ತು ಕಡ್ಡಿ ಅಲ್ಲೇ ಉದುರುತ್ತವೆ. ಕಡ್ಡಿಯಲ್ಲಿ ನಂಬಿಕೆ ಬಂದ ಮೇಲೆ ನೋಟಿಗೆ ಬನ್ನಿ.

ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ ಈ ಹಂಚಿಕೆಯನ್ನೇ ಮಣಿಗಳಲ್ಲಿ ಮಾಡಿಸುತ್ತಿದ್ದರು. ಗಾಜಿನ ನಳಿಕೆಗಳ ತುಂಬ ಮಣಿ. ಬಿಡಿಗೆ ಹಸಿರು, ಹತ್ತಕ್ಕೆ ನೀಲಿ, ನೂರಕ್ಕೆ ಕೆಂಪು. ಹಣ ಪಡೆಯುವ ಮಕ್ಕಳ ಜಾಗದಲ್ಲಿ ಮರದ ಪುಟ್ಟ ಗೂಟಗಳು. ಅವರು ಎರಡನೆಯ ಮಹಾಯುದ್ಧದ ವರ್ಷಗಳನ್ನು ನಮ್ಮ ಪಕ್ಕದ ಮದರಾಸಿನ ಅಡ್ಯಾರಿನಲ್ಲಿ, ಕೊಡೈಕನಾಲಿನಲ್ಲಿ ಕಳೆದರು. ನಮ್ಮ ಸರ್ಕಾರಿ ಶಾಲೆಗಳಿಗೂ ಗಣಿತ ಕಲಿಕಾ ಆಂದೋಲನದ ಮೂಲಕ ಕಲಿಕಾ ಪೆಟ್ಟಿಗೆ ಬಂದಿದೆ. ಅದರಲ್ಲಿ ಆಟದ ನೋಟೂ ಇದೆ, ಹತ್ತರ, ನೂರರ ತುಂಡುಗಳೂ ಇವೆ. ಕೆಲವು ಕಡೆ ಮಾತ್ರ ಆ ಪೆಟ್ಟಿಗೆ ಬೀರುವಿನಲ್ಲೇ ಭದ್ರವಾಗಿರುತ್ತದೆ. ಒಂದು ತುಂಡು ಕಳೆದರೆ ದಾಸ್ತಾನು ಪುಸ್ತಕಕ್ಕೆ ಯಾರು ಉತ್ತರ ಹೇಳುವುದು ಎಂಬ ಭಯ. ಮುಟ್ಟಲಾಗದ ಪೆಟ್ಟಿಗೆಗಿಂತ ಹುಣಸೆ ಬೀಜವೇ ವಾಸಿ. ಗೋಡೆಗೆ ನೇತುಹಾಕಿದ ಅಂದದ ಚಾರ್ಟುಗಳ ಬಗ್ಗೆಯೂ ನನಗೆ ಇದೇ ಅನುಮಾನ. ಹಂಚಿಕೆಯ ಕೊನೆಯ ರೂಪವನ್ನು ಅವು ತೋರಿಸುತ್ತವೆ. ಹಂಚುವುದನ್ನು ತೋರಿಸುವುದಿಲ್ಲ.

ಕಡ್ಡಿ, ಆಮೇಲೆ ನೋಟು. ಇಷ್ಟಾಯಿತು. ಇನ್ನು ನೋಟಿನಿಂದ ನೋಟ್‌ಬುಕ್ಕಿಗೆ ಹೋಗಬೇಕು. ಒಂದೇ ನೆಗೆತಕ್ಕೆ ಹೋಗಬೇಡಿ. ನಡುವೆ ಸ್ಲೇಟು ಇದೆ.

ಹಿಂದಿನವರು ಹಲಗೆಯ ಮೇಲೆ ಧೂಳು ಹರಡಿ ಬೆರಳಲ್ಲೋ ಕಡ್ಡಿಯಲ್ಲೋ ಲೆಕ್ಕ ಮಾಡುತ್ತಿದ್ದರು. ಹಂಚಿದ್ದನ್ನು ಅಳಿಸಿ, ಉಳಿದದ್ದನ್ನು ಅದೇ ಜಾಗದಲ್ಲಿ ಬರೆಯುತ್ತಿದ್ದರು. ಕಾಗದದ ಮೇಲೆ ಹಾಗೆ ಅಳಿಸಲಾಗದು. ಅದಕ್ಕೇ ನಮ್ಮ ಭಾಗಾಕಾರ ಕೆಳಕ್ಕೆ ಕೆಳಕ್ಕೆ ಬೆಳೆಯುತ್ತದೆ. 1491ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಅಚ್ಚಾದ ಫಿಲಿಪ್ಪೊ ಕಲಾಂದ್ರಿಯ ಅಂಕಗಣಿತದಲ್ಲಿ ಈಗಿನ ಈ ಬಗೆ ಮೊದಲ ಸಲ ಅಚ್ಚಿನಲ್ಲಿ ಕಾಣುತ್ತದೆ. ಧೂಳಿನ ಹಲಗೆಯ ಅನುಕೂಲ ಮಗುವಿನ ಸ್ಲೇಟಿನಲ್ಲಿ ಇನ್ನೂ ಇದೆ.

ಸ್ಲೇಟಿನ ಮೇಲೆ 741 ಬರೆಸಿ. ತಲಾ ಎರಡು ನೂರು ಕೊಟ್ಟಾಯಿತು. 7ನ್ನು ಬೆರಳಲ್ಲಿ ಒರೆಸಿ, ಅಲ್ಲೇ 1 ಬರೆಯಲಿ. ಈಗ ಸ್ಲೇಟು ಏನು ಹೇಳುತ್ತಿದೆ? 141. ಇನ್ನೂ ಹಂಚಬೇಕಾದ ಹಣ ಸರಿಯಾಗಿ ಅಷ್ಟೇ. ತಲಾ ನಾಲ್ಕು ಹತ್ತು ಕೊಟ್ಟ ಮೇಲೆ 14ನ್ನು ಒರೆಸಿ ಹತ್ತರ ಜಾಗದಲ್ಲಿ 2. ಈಗ ಸ್ಲೇಟಿನ ಮೇಲೆ 21. ತಲಾ ಏಳು ಕೊಟ್ಟರೆ ಸ್ಲೇಟು ಖಾಲಿ. ನೋಟ್‌ಬುಕ್ಕಿನಲ್ಲಿ ಇಳಿಸದೆ ಉಳಿದ ಅಂಕಿ ಮೇಲೆಲ್ಲೋ ಇರುತ್ತದೆ, ಮಗು ಅದನ್ನು ಮರೆಯುತ್ತದೆ. ಸ್ಲೇಟಿನಲ್ಲಿ ಉಳಿದದ್ದೆಲ್ಲ ಒಂದೇ ಸಾಲಿನಲ್ಲಿ ಕಣ್ಣ ಮುಂದೆ.

ಸ್ಲೇಟಿನ ನಂತರ ನೋಟ್‌ಬುಕ್. ಅಲ್ಲಿ ಎಷ್ಟೋ ತಪ್ಪುಗಳು ಆಗುವುದು ಅಂಕಿಗಳು ಅತ್ತಿತ್ತ ಸರಿಯುವುದರಿಂದ. ಹತ್ತರ ಕೆಳಗೆ ಬರಬೇಕಾದ್ದು ಬಿಡಿಯ ಕೆಳಗೆ ಬಂದಿರುತ್ತದೆ. ಗೆರೆ ಹಾಕಿದ ಮಾಮೂಲಿ ಪುಸ್ತಕವನ್ನು ಅಡ್ಡ ತಿರುಗಿಸಿಕೊಳ್ಳಲು ಹೇಳಿ. ಅಡ್ಡಗೆರೆಗಳೆಲ್ಲ ನೆಟ್ಟಗೆ ನಿಲ್ಲುತ್ತವೆ. ಎರಡು ಗೆರೆಯ ನಡುವೆ ಒಂದೇ ಅಂಕಿ. ತಲೆಯ ಮೇಲೆ ನೂ, ಹ, ಬಿ ಎಂದು ಬರೆಸಿ. ಖರ್ಚಿಲ್ಲ.

ಇನ್ನು ಮಗ್ಗಿಯ ಪ್ರಶ್ನೆ. ಭಾಗಾಕಾರ ಕಲಿಯುವ ದಿನಗಳಲ್ಲಿ ಮಗ್ಗಿಯ ಪಟ್ಟಿಯನ್ನು ಎದುರಿಗೇ ಇಟ್ಟುಬಿಡಿ ಎನ್ನುತ್ತೇನೆ. ಕೆಲವು ಹಿರಿಯ ಶಿಕ್ಷಕರಿಗೆ ಇದು ಹಿಡಿಸುವುದಿಲ್ಲ. ಮಗ್ಗಿ ಕಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಹೊತ್ತು ಕೊಡಿ. ಒಂದೇ ತಲೆ ಏಕಕಾಲದಲ್ಲಿ ಮಗ್ಗಿಯನ್ನು ಹುಡುಕುತ್ತಾ ಚಿಲ್ಲರೆಯ ಲೆಕ್ಕವನ್ನೂ ಇಟ್ಟುಕೊಳ್ಳಲಾರದು.

ಪಟ್ಟಿ ನೋಡಲೂ ತಡವರಿಸುವ ಮಗು ಕಂತು ಕಂತಾಗಿ ಹಂಚಲಿ. 741, ಮೂವರು. ತಲಾ ನೂರು ಕೊಡೋಣ, 300 ಹೋಯಿತು, 441 ಉಳಿಯಿತು. ಇನ್ನೊಂದು ಸಲ ತಲಾ ನೂರು, 141. ತಲಾ ನಲವತ್ತು, 21. ತಲಾ ಏಳು, ಮುಗಿಯಿತು. ಪಕ್ಕದಲ್ಲಿ ಬರೆದುಕೊಂಡ ನೂರು, ನೂರು, ನಲವತ್ತು, ಏಳನ್ನು ಕೂಡಿದರೆ 247. ಪರೀಕ್ಷೆಯಲ್ಲಿ ಈ ಕ್ರಮ ಒಪ್ಪುತ್ತಾರಾ ಎಂದು ಕೇಳುವವರಿದ್ದಾರೆ. ಮೊದಲು ಮಗುವಿಗೆ ಉತ್ತರ ಬರಲಿ. ಕೈ ಪಳಗಿದ ಹಾಗೆ ಕಂತುಗಳು ತಾವೇ ಕಡಿಮೆಯಾಗುತ್ತವೆ. ನೂರು ನೂರು ಎನ್ನುವ ಬದಲು ಒಮ್ಮೆಗೇ ಇನ್ನೂರು ಎನ್ನುತ್ತದೆ. ಆಗ ಅದು ಪುಸ್ತಕದ ಕ್ರಮವೇ ಆಯಿತು.

ಕಡ್ಡಿ, ನೋಟು, ಸ್ಲೇಟು, ಅಡ್ಡ ತಿರುಗಿಸಿದ ಪುಸ್ತಕ. ಇಲ್ಲಿಯವರೆಗೆ ಭಾಜಕ ಒಂದಂಕಿಯದು. ಎರಡಂಕಿಯ ಭಾಜಕ ಬಂದರೆ? ಯಾರಿಗೂ 23ರ ಮಗ್ಗಿ ಬಾಯಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಮಗು ಅಂದಾಜು ಹಾಕುತ್ತದೆ, ತಪ್ಪುತ್ತದೆ, ಅಳಿಸುತ್ತದೆ, ಹಾಳೆ ತೂತಾಗುತ್ತದೆ.

ಒಂದು ಚೀಟಿ ಮಾಡಿಸಿ. ಇಮ್ಮಡಿ ಮಾಡುತ್ತಾ ಹೋಗುವುದಷ್ಟೇ. ಒಂದು ಸಲಕ್ಕೆ 23, ಎರಡು ಸಲಕ್ಕೆ 46, ನಾಲ್ಕಕ್ಕೆ 92, ಎಂಟಕ್ಕೆ 184. ಮೂರು ಬೇಕಾದರೆ ಒಂದನ್ನೂ ಎರಡನ್ನೂ ಕೂಡಿದರಾಯಿತು, 69. ಈಗ 874ನ್ನು 23 ಜನಕ್ಕೆ ಹಂಚೋಣ. ಎಂಟು ನೂರರ ನೋಟು 23 ಜನಕ್ಕೆ ಸಾಲದು. ಎಲ್ಲವನ್ನೂ ಚಿಲ್ಲರೆ ಮಾಡಿಸಿದರೆ ಹತ್ತರ ನೋಟು 87. ತಲಾ ಮೂರು, 69 ಹೋಯಿತು. ಉಳಿದದ್ದು 18 ಹತ್ತರ ನೋಟು. ಚಿಲ್ಲರೆ ಮಾಡಿಸಿ ಮೊದಲಿನ ನಾಲ್ಕನ್ನು ಸೇರಿಸಿದರೆ 184. ಚೀಟಿಯಲ್ಲಿ ನೋಡಿ, ಎಂಟರ ಎದುರಿಗೇ ಇದೆ. ಉತ್ತರ 38. ಇಲ್ಲಿ ನೋಟು ಹರಡುವ ಅಗತ್ಯ ಬೀಳುವುದಿಲ್ಲ. ನೋಟಿನ ಮಾತು ಬಾಯಲ್ಲಿದ್ದರೆ ಸಾಕು.

ಶೇಷದ ಬಗ್ಗೆ ಒಂದೇ ಮಾತು. 50 ಸೀಟಿನ ಬಸ್ಸುಗಳಲ್ಲಿ 130 ಮಕ್ಕಳು ಪ್ರವಾಸ ಹೋಗಬೇಕು, ಎಷ್ಟು ಬಸ್ಸು ಬೇಕು? ಭಾಗಲಬ್ಧ 2, ಶೇಷ 30. ಎರಡು ಬಸ್ಸು ಎಂದು ಬರೆದ ಮಗುವನ್ನು, ಆ ಮೂವತ್ತು ಮಕ್ಕಳನ್ನು ಎಲ್ಲಿ ಬಿಟ್ಟು ಹೋಗೋಣ ಎಂದು ಕೇಳಿ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ, ಪಾಠ ಮುಗಿಸಬೇಡವೇ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಎಲ್ಲರಿಗೂ ಇಷ್ಟೆಲ್ಲ ಬೇಕಿಲ್ಲ. ತಡವರಿಸುವವರನ್ನು ಕೂರಿಸಿಕೊಂಡು ದಿನಕ್ಕೆ ಒಂದೇ ಲೆಕ್ಕ ಹಂಚಿಸಿ. ಹತ್ತು ಲೆಕ್ಕ ಕೊಟ್ಟು ಹತ್ತೂ ತಪ್ಪಿಸುವುದಕ್ಕಿಂತ ಇದಕ್ಕೆ ಹಿಡಿಯುವ ಹೊತ್ತು ಕಡಿಮೆ.

ನೋಟನ್ನು ಯಾವಾಗ ತೆಗೆದಿಡಬೇಕು? ಮಗುವೇ ಹೇಳುತ್ತದೆ. ಹಂಚುವ ಮೊದಲೇ ಬರೆಯಲು ಶುರು ಮಾಡುತ್ತದೆ, ನೋಟಿನ ಕಡೆ ನೋಡುವುದನ್ನು ಬಿಡುತ್ತದೆ. ಆಗ ಕೇಳಿ, ಈ 1 ಎಷ್ಟು ರೂಪಾಯಿ? ನೂರು ಎಂದರೆ ನೋಟು ಪೆಟ್ಟಿಗೆಗೆ ಹೋಗಲಿ. ಒಂದು ಎಂದರೆ ಇನ್ನೊಂದು ವಾರ ಇರಲಿ.

ಮನೆಯಲ್ಲಿ ಐದನೆಯ ತರಗತಿಯ ಮಕ್ಕಳಿರುವವರು ಒಂದು ಲೆಕ್ಕ ಬರೆದುಕೊಳ್ಳಿ. 832 ರೂಪಾಯಿ, 8 ಜನ. ಮಗುವಿಗೆ ಕೊಡಿ, ಪಕ್ಕದಲ್ಲಿ ಕೂರಿ. ಉತ್ತರ 14 ಬಂದರೆ ತಪ್ಪು ಎನ್ನಬೇಡಿ. ಎಂಟು ನೂರರ ಚೀಟಿ, ಮೂರು ಹತ್ತರ ಚೀಟಿ, ಎರಡು ಹುಣಸೆ ಬೀಜ ಮುಂದಿಟ್ಟು, "ಹಂಚು ನೋಡೋಣ" ಎನ್ನಿ. ಬ್ಯಾಂಕು ನೀವಾಗಿ.